ಚಾಬೂಕಿಗೆ ಮೊದಲಿದ್ದ ಅರ್ಥ

ಸವದತ್ತಿ ಸಮೀಪದ ಹೂಲಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಸಾವಿರ ಮಹಾಜನರ ಹೆಸರಾಂತ ಅಗ್ರಹಾರವಾಗಿತ್ತು. ಶಾಸನಗಳು ಅದನ್ನು 'ಪೂಲಿ' ಎನ್ನುತ್ತವೆ. ಅಲ್ಲಿನ ಪಂಚಲಿಂಗೇಶ್ವರ ಗುಡಿ ಆ ವೈಭವದ ಸಾಕ್ಷಿ. ಅದೇ ಚಾಲುಕ್ಯ ಮನೆತನದ ಅರಸು ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದನು. ಸವಾರರು ಎರಡು ತಂಡಗಳಾಗಿ ಕುದುರೆಯ ಮೇಲೆ ಚೆಂಡಾಡುವ ವಿನೋದದ ವರ್ಣನೆ ಅದರಲ್ಲಿದೆ. ಒಂದು ಕೈಯಲ್ಲಿ ಕೋಲು ಹಿಡಿದವನಿಗೆ ಲಗಾಮಿಗೆಂದು ಉಳಿಯುವುದು ಒಂದೇ ಕೈ. ಸಣ್ಣ ಸನ್ನೆಗೆ ತಿರುಗುವ, ನಿಲ್ಲುವ ಕುದುರೆಯಿಲ್ಲದೆ ಇಂಥ ಆಟ ನಡೆಯದು.

ಈ ಸೂಕ್ಷ್ಮತೆ ಬರುವುದು ಹೇಗೆ? ಕುದುರೆಯ ಮುಂಬಲ್ಲಿಗೂ ದವಡೆಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗವಿದೆ. ಕಡಿವಾಣ ಕೂರುವುದು ಅಲ್ಲಿಯೇ. ಬಲ್ಲವನು ಲಗಾಮನ್ನು ತುಸುವೇ ಬಿಗಿ ಮಾಡುತ್ತಾನೆ. ಕುದುರೆ ಕತ್ತು ಬಾಗಿಸಿದ ಕ್ಷಣವೇ ಸಡಿಲ ಬಿಡುತ್ತಾನೆ. ಆ ಸಡಿಲಿಕೆಯೇ ಕುದುರೆಗೆ ಸಿಗುವ ಬಹುಮಾನ. ಹೀಗೆ ಕಲಿತ ಕುದುರೆಗೆ ಮುಂದೆ ಬೆರಳಿನ ಅಲುಗಾಟ, ತೊಡೆಯ ಮೆಲು ಒತ್ತು ಸಾಕಾಗುತ್ತದೆ. ಸದಾ ಜಗ್ಗುವ ಕೈಗೆ ಸಿಕ್ಕ ಕುದುರೆಯ ಬಾಯಿ ಜಡ್ಡುಗಟ್ಟುತ್ತದೆ. ಆಮೇಲೆ ಜಗ್ಗಿದಷ್ಟೂ ಅದು ಮೊಂಡಾಗುತ್ತದೆ.

ಅರಬರು ಈ ವಿದ್ಯೆಯನ್ನು 'ಫುರೂಸಿಯ್ಯ' ಎಂದು ಕರೆದರು. ಒಂಬತ್ತನೆಯ ಶತಮಾನದಲ್ಲಿ ಅಬ್ಬಾಸೀ ಖಲೀಫರ ಲಾಯದ ಹೊಣೆ ಹೊತ್ತಿದ್ದ ಇಬ್ನ್ ಅಖೀ ಹಿಝಾಮ್ ಕುದುರೆ ಸವಾರಿ ಮತ್ತು ಪಶುವೈದ್ಯದ ಬಗ್ಗೆ ಗ್ರಂಥ ಬರೆದರು. ಜೀನಿಲ್ಲದೆ ಕುಳಿತು ಕಲಿಯುವುದು ಈ ಪರಂಪರೆಯಲ್ಲಿ ಮೊದಲ ಪಾಠ. ಮೈಯ ಸಮತೋಲ ಬಲ್ಲವನು ಲಗಾಮಿಗೆ ಜೋತುಬೀಳುವುದಿಲ್ಲ.

ವಿದ್ಯೆಯಿಲ್ಲದ ಕಡೆ ಏನಾಗುತ್ತದೆ ಎಂಬುದನ್ನು ಪಾರಸೀ ಇತಿಹಾಸಕಾರ ವಸ್ಸಾಫ್ ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ದಾಖಲಿಸಿದ್ದಾನೆ. ಪರ್ಷಿಯನ್ ಕೊಲ್ಲಿಯಿಂದ ತಮಿಳು ಕರಾವಳಿಗೆ, ಅಂದರೆ ಮಅಬರ್‌ಗೆ, ಹಡಗುಗಳಲ್ಲಿ ಕುದುರೆಗಳು ಬರುತ್ತಿದ್ದವು. ಒಂದೊಂದಕ್ಕೆ 220 ಚಿನ್ನದ ದೀನಾರು. ದಾರಿಯಲ್ಲಿ ಸತ್ತವುಗಳಿಗೂ ಬೆಲೆ ಸಲ್ಲುತ್ತಿತ್ತು. ಬಂದ ಕುದುರೆಗಳನ್ನು ನಲವತ್ತು ದಿನ ಗೂಟಕ್ಕೆ ಕಟ್ಟಿ ಕೊಬ್ಬಿಸಿ, ಯಾವ ತರಬೇತಿಯೂ ಇಲ್ಲದೆ ಮನಬಂದಂತೆ ಓಡಿಸುತ್ತಿದ್ದರಂತೆ. ಚುರುಕಾದ ಕುದುರೆಗಳು ಸ್ವಲ್ಪ ಕಾಲದಲ್ಲೇ ಮಂಕಾಗುತ್ತಿದ್ದವು. ಆದುದರಿಂದ ಮತ್ತೆ ಹೊಸ ಕುದುರೆ, ಮತ್ತೆ ಹೊನ್ನು!

ಈ ಕೊರತೆಯನ್ನು ತುಂಬುವ ದಾರಿ ಹುಡುಕಿದವರಲ್ಲಿ ವಿಜಯನಗರದ ಎರಡನೆಯ ದೇವರಾಯನೂ ಒಬ್ಬ. ಬಹಮನಿಗಳ ಮೇಲುಗೈಗೆ ಅವರ ಬಲವಾದ ಕುದುರೆಗಳೂ ಬಿಲ್ಲುಗಾರರೂ ಕಾರಣವೆಂದು ಅವನ ಆಸ್ಥಾನದಲ್ಲಿ ಚರ್ಚೆಯಾಯಿತೆಂದು ಬಿಜಾಪುರದಲ್ಲಿ ಕುಳಿತು ಚರಿತ್ರೆ ಬರೆದ ಫಿರಿಶ್ತಾ ಹೇಳುತ್ತಾನೆ. ದೇವರಾಯ ಮುಸ್ಲಿಮರನ್ನು ಸೈನ್ಯಕ್ಕೆ ಸೇರಿಸಿಕೊಂಡನು. ಅವನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಇಂದಿಗೂ ಇದೆ. ಧರ್ಮದ ಹೆಸರಿನ ಯುದ್ಧವೆಂದು ನಮಗೆ ಹೇಳಿಕೊಡಲಾದ ಆ ಕಾಲದಲ್ಲಿ ಅರಸರು ಹುಡುಕುತ್ತಿದ್ದುದು ಕಸುಬು ಬಲ್ಲವರನ್ನು.

ಆ ಕೊಡುಕೊಳೆಯ ಗುರುತು ನಮ್ಮ ಮಾತಿನಲ್ಲಿಯೇ ಇದೆ. ಸಾಹಣಿ, ಕಡಿವಾಣಗಳ ಜೊತೆಗೆ ಲಗಾಮು, ಜೀನು, ರಿಕಾಪು, ಸವಾರ ಎಲ್ಲವೂ ಕನ್ನಡವಾದವು. ಲಾಳ ಹೊಡೆಯುವವರ 'ನಾಲಬಂದ' ಎಂಬ ಅಡ್ಡಹೆಸರು ಉತ್ತರ ಕರ್ನಾಟಕದ ಮುಸ್ಲಿಂ ಮನೆಗಳಲ್ಲಿ ಉಳಿದಿದೆ. ಕುದುರೆ ಪಳಗಿಸುವವನಿಗೆ 'ಚಾಬುಕ್ ಸವಾರ' ಎಂದು ಹೆಸರು. ಪಾರಸಿಯಲ್ಲಿ 'ಚಾಬುಕ್' ಎಂದರೆ ಚುರುಕು, ಕೈಚಳಕ. ಬಾರುಕೋಲು ಎಂಬುದು ಅದರ ಇನ್ನೊಂದು ಅರ್ಥ. ನಮ್ಮಲ್ಲಿ ಉಳಿದುದು ಆ ಎರಡನೆಯ ಅರ್ಥ ಮಾತ್ರ.

ಒಮ್ಮೆ ಹಠಮಾರಿ ಒಂಟೆಯನ್ನೇರಿ ಅದನ್ನು ಅತ್ತಿತ್ತ ಎಳೆದಾಡುತ್ತಿದ್ದ ಆಯಿಶಾ(ರ)ರಿಗೆ ಪ್ರವಾದಿ ಮುಹಮ್ಮದ್(ಸ) ಸೌಮ್ಯತೆಯನ್ನು ಉಪದೇಶಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಅದು ಬರಿಯ ಕರುಣೆಯ ಮಾತಲ್ಲ, ಕಸುಬಿನ ಮಾತೂ ಹೌದು. ಬೆಳಗಾವಿ ಸೀಮೆಯ ಜಾತ್ರೆಗಳಲ್ಲಿ ಕುದುರೆ ಗಾಡಿಯ ಶರ್ಯತ್ತು ಈಗಲೂ ನಡೆಯುತ್ತದೆ. ಅಲ್ಲಿ ಚಾಬೂಕು ಎತ್ತುವ ಕೈಗೆ ಆ ಪದದ ಮೊದಲ ಅರ್ಥವನ್ನು ನೆನಪಿಸಬೇಕಾದವರು ನಾವೇ.