ಬ್ರಿಡ್ಜಿನಿಂದ ಹೊರಟು ಮತ್ತೆ ಬ್ರಿಡ್ಜಿಗೇ: ಮನೆಯ ಮೋಡೆಮ್ಮಿನ ಕಥೆ

ಫೈಬರ್ ಇಂಟರ್ನೆಟ್ ಹಾಕಿಸಿಕೊಂಡವರ ಮನೆಯ ಗೋಡೆಯ ಮೇಲೆ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಕಂಪನಿಯವರು ಅದನ್ನು ಓಎನ್‌ಟಿ ಅನ್ನುತ್ತಾರೆ, ನಾವೆಲ್ಲ ಮೋಡೆಮ್ ಅನ್ನುತ್ತೇವೆ. ಕೆಲವರು ಅದನ್ನು 'ಬ್ರಿಡ್ಜ್ ಮೋಡ್'ಗೆ ಹಾಕಿಸಿ, ಅದರ ಹಿಂದೆ ತಮ್ಮದೇ ರೂಟರ್ ಜೋಡಿಸಿಕೊಳ್ಳುತ್ತಾರೆ. ಇದೇನೋ ಈಗಿನ ಹುಡುಗರ ಕರಾಮತ್ತು ಅಂದುಕೊಳ್ಳಬೇಡಿ. ಸುಮಾರು ಇಪ್ಪತ್ತು ವರ್ಷದ ಹಿಂದೆ ನಮ್ಮಲ್ಲಿ ಅನೇಕರ ಮನೆಗೆ ಬ್ರಾಡ್‌ಬ್ಯಾಂಡ್ ಬಂದದ್ದೇ ಬ್ರಿಡ್ಜ್ ಮೋಡಿನಲ್ಲಿ!

ನಾನು ಕಾಮರ್ಸ್ ಓದಿದವನು, ಇಂಜಿನಿಯರ್ ಅಲ್ಲ. ಆದ್ದರಿಂದ ಬ್ಯಾಂಕಿನವರ ಭಾಷೆಯಲ್ಲೇ ಹೇಳುತ್ತೇನೆ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟಿತು. ಅದಕ್ಕೂ ಮೊದಲು ಎರ್‌ನೆಟ್ ಎಂಬ ಜಾಲ ಇತ್ತು. ಆದರೆ ಅದು ಬೆಂಗಳೂರಿನ ಐಐಎಸ್‌ಸಿ, ಮುಂಬಯಿಯ ಎನ್‌ಸಿಎಸ್‌ಟಿ, ಐಐಟಿಗಳಂಥ ಸಂಸ್ಥೆಗಳಿಗೆ ಮಾತ್ರ. ವಿಎಸ್‌ಎನ್‌ಎಲ್ ಕಾಲದಲ್ಲಿ ಒಂದು ಫೋನು, ಒಂದು ಮೋಡೆಮ್ಮು, ಒಂದು ಕಂಪ್ಯೂಟರು. ಮೋಡೆಮ್ಮಿಗೆ ಸ್ವಂತ ಬುದ್ಧಿ ಕಡಿಮೆ. ನಂಬರ್ ಒತ್ತಲು ಹೇಳುವುದು, ಯೂಸರ್ ನೇಮು ಪಾಸ್‌ವರ್ಡು ಕೊಡುವುದು, ಎಲ್ಲ ಕಂಪ್ಯೂಟರಿನದೇ ಕೆಲಸ. ನೆಟ್ ಹಚ್ಚಿದರೆ ಫೋನ್ ಎಂಗೇಜು. ಊರಿನಿಂದ ಎಸ್‌ಟಿಡಿ ಮಾಡಿದವರು ಬೈದುಕೊಂಡು ಸುಮ್ಮನಾಗುತ್ತಿದ್ದರು...

1998ರ ಕೊನೆಗೆ ಖಾಸಗಿಯವರಿಗೂ ಅವಕಾಶ ಸಿಕ್ಕಿತು. ಆಮೇಲೆ ಮುಂಬಯಿಯ ಚಾಳು, ಸೊಸೈಟಿಗಳಲ್ಲಿ ಕೇಬಲ್‌ವಾಲಾನೇ ಇಂಟರ್ನೆಟ್‌ವಾಲಾ ಆದ. ಟೆರೇಸಿನಿಂದ ಟೆರೇಸಿಗೆ ತಂತಿ ಎಳೆದು, ನಮ್ಮ ಕಂಪ್ಯೂಟರಿನ ಮ್ಯಾಕ್ ಅಡ್ರೆಸ್ ಬರೆದುಕೊಂಡು ಹೋಗುತ್ತಿದ್ದ. ಅದೊಂದೇ ಯಂತ್ರಕ್ಕೆ ನೆಟ್. ಇಂದಿಗೂ ರೂಟರುಗಳಲ್ಲಿ 'ಮ್ಯಾಕ್ ಕ್ಲೋನ್' ಎಂಬ ಆಯ್ಕೆ ಇದೆಯಲ್ಲ, ಅದು ಇಂಥ ಕಟ್ಟುಪಾಡುಗಳಿಗೆ ಕಂಡುಕೊಂಡ ಉಪಾಯ.

2004ರ ಅಕ್ಟೋಬರಿನಲ್ಲಿ ಸರ್ಕಾರದ ಬ್ರಾಡ್‌ಬ್ಯಾಂಡ್ ನೀತಿ ಬಂತು. ಆಗ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್! 2005ರಲ್ಲಿ ಮುಂಬಯಿ, ದೆಹಲಿಗಳಲ್ಲಿ ಎಂಟಿಎನ್‌ಎಲ್‌ನ ಟ್ರೈಬ್ಯಾಂಡ್, ಉಳಿದೆಡೆ ಬಿಎಸ್‌ಎನ್‌ಎಲ್‌ನ ಡೇಟಾಒನ್ ಶುರುವಾದವು. ಮೋಡೆಮ್ ಬ್ರಿಡ್ಜ್ ಮೋಡಿನಲ್ಲಿ ಇರುತ್ತಿತ್ತು. ಡೆಸ್ಕ್‌ಟಾಪಿನ ಮೇಲೊಂದು ಐಕಾನು, ಅದನ್ನು ಒತ್ತಿ ಪಾಸ್‌ವರ್ಡ್ ಕೊಟ್ಟರೆ ನೆಟ್. ಇದಕ್ಕೆ ಪಿಪಿಪಿಓಇ ಎಂದು ಹೆಸರು. 1999ರ ಫೆಬ್ರವರಿಯಲ್ಲಿ ಪ್ರಕಟವಾದ ಪದ್ಧತಿ. ತಂತಿ ಸದಾ ಜೀವಂತ ಇರುವಾಗ ಈ ಲಾಗಿನ್ ಯಾಕೆ? ಡಯಲ್ಅಪ್ ಕಾಲದಲ್ಲಿ ಕಂಪನಿಗಳು ಕಟ್ಟಿಕೊಂಡ ಗ್ರಾಹಕರ ಲೆಕ್ಕದ ವ್ಯವಸ್ಥೆ ಹಾಗೆಯೇ ನಡೆಯಬೇಕಿತ್ತು, ಅದಕ್ಕೆ. ನಮಗೆ ಬ್ಯಾಂಕಿನವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕೌಂಟರ್ ಬದಲಾಯಿಸುವುದು ಸುಲಭ, ಲೆಡ್ಜರ್ ಬದಲಾಯಿಸುವುದು ಕಷ್ಟ.

ಮನೆಗೆ ಎರಡನೇ ಕಂಪ್ಯೂಟರ್ ಬಂದಾಗ ಪೇಚಾಟ. ವಿಳಾಸ ಒಂದೇ, ಯಂತ್ರ ಎರಡು. ಇದಕ್ಕೆ ಮದ್ದು 'ನ್ಯಾಟ್'. ಇಂಟರ್ನೆಟ್ಟಿನ ಹಳೆಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ, ಸಾಲುವುದಿಲ್ಲ ಎಂದು ತಿಳಿದು 1994ರಲ್ಲಿ ಎಗೆವಾಂಗ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ಇದನ್ನು ಬರೆದಿಟ್ಟರು. ನಮ್ಮ ಶಾಖೆಯ ಟಪಾಲನ್ನು ನೆನೆಸಿಕೊಳ್ಳಿ. ಯಾವ ಮೇಜಿನಿಂದ ಕಾಗದ ಹೋದರೂ ಹೊರಗೆ ಕಾಣುವುದು ಶಾಖೆಯ ವಿಳಾಸ. ಉತ್ತರ ಬಂದಾಗ ಟಪಾಲಿನವರು ರಿಜಿಸ್ಟರ್ ನೋಡಿ ಆಯಾ ಮೇಜಿಗೆ ಮುಟ್ಟಿಸುತ್ತಾರೆ. ಆ ರಿಜಿಸ್ಟರೇ ನ್ಯಾಟ್, ಟಪಾಲಿನವರೇ ರೂಟರ್. ಬ್ರಿಡ್ಜ್ ಅಂದರೆ ಲಕೋಟೆ ನೋಡದೆ ಚೀಲವನ್ನೇ ಹೊತ್ತು ತರುವ ಪ್ಯೂನ್.

2002ರ ಕೊನೆಗೆ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ವೈಫೈ ರೂಟರ್ ಬಂತು. ಅದರೊಳಗೆ ಲಿನಕ್ಸ್ ಇದ್ದದ್ದು ಗೊತ್ತಾಗಿ, 2003ರಲ್ಲಿ ಕಂಪನಿ ಅದರ ಸೋರ್ಸ್ ಕೋಡ್ ಬಿಡುಗಡೆ ಮಾಡಬೇಕಾಯಿತು. ಅದರಿಂದಲೇ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಬರಬರುತ್ತಾ ಕಂಪನಿಗಳು ಮೋಡೆಮ್, ರೂಟರ್, ವೈಫೈ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿ ಕೊಡತೊಡಗಿದವು. 2004ರಲ್ಲಿ ಬಂದ ಟಿಆರ್-069 ಎಂಬ ಪದ್ಧತಿಯಿಂದ ಆ ಪೆಟ್ಟಿಗೆಯನ್ನು ತಮ್ಮ ಆಫೀಸಿನಿಂದಲೇ ತಿದ್ದಲು ಅವರಿಗೆ ಸಾಧ್ಯವಾಯಿತು. ಗ್ರಾಹಕನಿಗೆ ತಲೆನೋವು ತಪ್ಪಿತು, ನಿಜ. ಆದರೆ ಮನೆಯ ಜಾಲದ ಕೀಲಿಕೈ ಕಂಪನಿಯ ಕೈಗೆ ಹೋಯಿತು.

ಇನ್ನು ಫೈಬರ್. ಗಾಜಿನ ಎಳೆಯಲ್ಲಿ ದೂರಕ್ಕೆ ಮಾತು ಕಳಿಸಬಹುದೆಂದು ಚಾರ್ಲ್ಸ್ ಕಾವ್ 1966ರಲ್ಲಿ ತೋರಿಸಿದರು, 2009ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಮನೆಗಳಿಗೆ ಹೆಚ್ಚಾಗಿ ಬರುವ ಜಿಪಾನ್ ಪದ್ಧತಿ 2003ರದು. ಒಂದೇ ಎಳೆಯ ಬೆಳಕನ್ನು ಕರೆಂಟ್ ಬೇಡದ ಸ್ಪ್ಲಿಟರಿನಿಂದ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಎಲ್ಲರ ಮಾಹಿತಿಯೂ ಎಲ್ಲರ ಮನೆಗೂ ಬರುತ್ತದೆ, ಓಎನ್‌ಟಿ ತನ್ನದನ್ನು ಮಾತ್ರ ಆರಿಸಿಕೊಳ್ಳುತ್ತದೆ. ಹೀಗಾಗಿ ಕಂಪನಿಯಲ್ಲಿ ನೋಂದಾಯಿಸಿದ ಓಎನ್‌ಟಿಯನ್ನು ಕಿತ್ತೆಸೆಯಲು ಬರುವುದಿಲ್ಲ. ಮಾಡಬಹುದಾದದ್ದು, ಅದನ್ನು ಮತ್ತೆ ಪ್ಯೂನ್ ಕೆಲಸಕ್ಕೆ ಇಳಿಸುವುದು. ಅದೇ ಬ್ರಿಡ್ಜ್ ಮೋಡ್.

ನನಗೆ ಇದರ ಅಗತ್ಯ ಬಿದ್ದದ್ದು 2020ರ ಲಾಕ್‌ಡೌನಿನಲ್ಲಿ. ನನ್ನ ಆಫೀಸಿನ ವಿಪಿಎನ್, ಮಗಳ ಪಾಠ, ಊರಲ್ಲಿ ಒಬ್ಬರೇ ಇದ್ದ ಅಮ್ಮನಿಗೆ ಸಂಜೆಯ ವಿಡಿಯೋ ಕರೆ, ಎಲ್ಲ ಆ ಒಂದೇ ಪೆಟ್ಟಿಗೆಯ ಮೇಲೆ. ಅದು ಬಿಸಿಯಾಗಿ ನಿಂತುಬಿಡುತ್ತಿತ್ತು. ಅಮ್ಮ ಅತ್ತ ಮಾತಾಡುತ್ತಲೇ ಇರುತ್ತಿದ್ದರು, ಇತ್ತ ಪರದೆ ಕಪ್ಪು. ಬೇರೆ ರೂಟರ್ ಹಾಕಿ, ಪೆಟ್ಟಿಗೆಯನ್ನು ಬ್ರಿಡ್ಜ್ ಮಾಡಿಸಿದ ಮೇಲೆ ಆ ಕಾಟ ನಿಂತಿತು.

ಮಾಡಿಸುವವರು ಇಷ್ಟು ಗಮನಿಸಿ. ಮೊದಲು ಕಂಪನಿಯಿಂದ ಪಿಪಿಪಿಓಇ ಹೆಸರು, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಓಎನ್‌ಟಿಯ ಈಗಿನ ಸೆಟ್ಟಿಂಗುಗಳ ಫೋಟೋ ತೆಗೆದುಕೊಳ್ಳಿ. ಆಮೇಲೆ ಬ್ರಿಡ್ಜ್ ಮಾಡಿ, ಅದರ ವೈಫೈ ಆರಿಸಿ, ಅದರ ಲ್ಯಾನ್ ಪೋರ್ಟಿನಿಂದ ನಿಮ್ಮ ರೂಟರಿನ ವ್ಯಾನ್ ಪೋರ್ಟಿಗೆ ತಂತಿ ಕೊಟ್ಟು, ಪಾಸ್‌ವರ್ಡನ್ನು ರೂಟರಿನಲ್ಲಿ ತುಂಬಿ. ಓಎನ್‌ಟಿ 192.168.1.1 ಆಗಿದ್ದರೆ ರೂಟರಿಗೆ 192.168.0.1 ಕೊಡಿ, ಗೊಂದಲವಿರದು. ಲ್ಯಾಂಡ್‌ಲೈನ್ ಫೋನ್ ಇದ್ದರೆ ಅದರ ಸೆಟ್ಟಿಂಗ್ ಮುಟ್ಟಬೇಡಿ.

ಒಂದು ಭ್ರಮೆ ಬೇಡ. ಜಗತ್ತಿನ ಮೂಲ ಭಂಡಾರದಲ್ಲಿದ್ದ ಹಳೆಯ ವಿಳಾಸಗಳು 2011ರ ಫೆಬ್ರವರಿ 3ರಂದೇ ಹಂಚಿ ಮುಗಿದವು. ಹಾಗಾಗಿ ಅನೇಕ ಕಂಪನಿಗಳು ತಮ್ಮಲ್ಲೇ ಇನ್ನೊಂದು ದೊಡ್ಡ ನ್ಯಾಟ್ ಇಟ್ಟಿವೆ. ರೂಟರಿಗೆ ಸಿಕ್ಕ ವಿಳಾಸ 100.64ರಿಂದ 100.127ರ ಒಳಗೆ ಶುರುವಾದರೆ ನೀವೂ ಅದರ ಹಿಂದಿದ್ದೀರಿ. ಬ್ರಿಡ್ಜ್ ಮೋಡ್ ಮನೆಯೊಳಗಿನ ಒಂದು ರಿಜಿಸ್ಟರನ್ನು ಮಾತ್ರ ಕಡಿಮೆ ಮಾಡುತ್ತದೆ. ಹೊರಗಿನಿಂದ ಮನೆಯ ಕ್ಯಾಮೆರಾ ನೋಡಬೇಕೆನ್ನುವವರು ಇದನ್ನು ಮೊದಲೇ ವಿಚಾರಿಸಿ. ಪೂರ್ತಿ ಪರಿಹಾರ ಐಪಿವಿ6.

ನಮ್ಮ ಲಾಕರಿಗೆ ಎರಡು ಕೀಲಿ. ಒಂದು ಬ್ಯಾಂಕಿನದು, ಇನ್ನೊಂದು ಗ್ರಾಹಕರದು. ಓಎನ್‌ಟಿ ಕಂಪನಿಯ ಕೀಲಿ, ರೂಟರ್ ನಮ್ಮ ಕೀಲಿ. ಕಂಪನಿ ಬದಲಾದರೂ, ನಾವು ಮನೆ ಬದಲಿಸಿದರೂ ನಮ್ಮ ವೈಫೈ ಹೆಸರು, ಪಾಸ್‌ವರ್ಡು ನಮ್ಮ ಜತೆಗೇ ಬರುತ್ತವೆ. ಆದರೆ ಕೀಲಿ ಕೈಗೆ ಬಂದ ಮೇಲೆ ಜವಾಬ್ದಾರಿಯೂ ನಮ್ಮದೇ. ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸುವುದು, ಆಗಾಗ ಫರ್ಮ್‌ವೇರ್ ಅಪ್‌ಡೇಟ್ ಮಾಡುವುದು ಮರೆಯಬೇಡಿ.