ಚೆಲ್ಲಿದ ಕಾಳು, ತುಂಬಿದ ಬಾನಿ

ಬೇಸಗೆ ಕಾಲಿಟ್ಟೊಡನೆ ಹಿತ್ತಿಲ ಹಕ್ಕಿಗಳಿಗೆ ಕಾಳು ನೀರು ಇಡಿರೆಂಬ ಕರೆ ಈಚಿನ ವರ್ಷಗಳಲ್ಲಿ ತಪ್ಪದೆ ಕಿವಿಗೆ ಬೀಳುತ್ತದೆ. ಕರೆ ಸದುದ್ದೇಶದ್ದೇ. ಆದರೆ ಕಾಳು ನೀರು ಎಂದು ಒಂದೇ ಉಸಿರಿನಲ್ಲಿ ಹೇಳುವಾಗ ಒಂದು ಸೂಕ್ಷ್ಮ ಮರೆಯಾಗುತ್ತದೆ. ನಮ್ಮ ನಾಡಿನಲ್ಲಿ ಹಕ್ಕಿಗೆ ಕಾಳು ದೊರೆತ ಬಗೆ ಬೇರೆ, ನೀರು ದೊರೆತ ಬಗೆ ಬೇರೆ.

ಶಾಸ್ತ್ರದಿಂದಲೇ ತೊಡಗೋಣ. ಗೃಹಸ್ಥನಿಗೆ ವಿಧಿಸಿದ ಐದು ಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ಅನ್ನದ ಒಂದು ಭಾಗವನ್ನು ಇತರ ಜೀವಿಗಳಿಗೆಂದು ತೆಗೆದಿಡುವುದು ಅದರ ತಿರುಳು. ಕಾಗೆಗೂ ಕ್ರಿಮಿಗೂ ಸಲ್ಲಬೇಕಾದ ಆ ಅನ್ನವನ್ನು ಮೆಲ್ಲಗೆ ನೆಲದ ಮೇಲಿಡಬೇಕೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯ ಹೇಳುತ್ತದೆ. ಈ ‘ಮೆಲ್ಲಗೆ’ ಎಂಬ ಮಾತು ನನಗೆ ಬಹುಕಾಲ ಪ್ರಿಯವಾಗಿತ್ತು, ತರಗತಿಯಲ್ಲಿಯೂ ಹೇಳುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಅದೇ ಶ್ಲೋಕದಲ್ಲಿ ನಾಯಿ ಕಾಗೆಗಳ ಸಾಲಿನಲ್ಲಿ ಶ್ವಪಚರನ್ನೂ ರೋಗಿಗಳನ್ನೂ ಕೂಡಿಸಿದ್ದಾರಲ್ಲ ಸಾರ್, ಅದನ್ನೇಕೆ ಬಿಟ್ಟಿರಿ?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಕಾಗೆಗೆ ಕರುಣೆ ತೋರಿದ ಕೈಯೇ ಮನುಷ್ಯನನ್ನು ಅಂಗಳದಾಚೆ ನಿಲ್ಲಿಸಿತ್ತು. ಅಂದಿನಿಂದ ಆ ಶ್ಲೋಕವನ್ನು ಪೂರ್ತಿಯಾಗಿಯೇ ವಿವರಿಸುತ್ತ ಬಂದೆ.

ಇದಕ್ಕಿಂತ ಹಳೆಯ ಲಿಖಿತ ಸಾಕ್ಷ್ಯ ನಾನು ಹುಟ್ಟಿದ ಚಿತ್ರದುರ್ಗದ ಸೀಮೆಯಲ್ಲೇ ಉಂಟು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ತಾಯಿತಂದೆಯರಲ್ಲಿ ವಿಧೇಯತೆ, ಜೀವಿಗಳಲ್ಲಿ ದಯೆ, ನುಡಿಯಲ್ಲಿ ಸತ್ಯ ಎಂಬುವು ಅವುಗಳ ಉಪದೇಶ. ಹಕ್ಕಿಗಳ ಹೆಸರು ಅಲ್ಲಿಲ್ಲ. ಅವು ಬರುವುದು ಉತ್ತರದ ಸ್ತಂಭಶಾಸನಗಳಲ್ಲಿ. ಪಟ್ಟಾಭಿಷೇಕವಾಗಿ 26 ವರ್ಷ ಕಳೆದ ಮೇಲೆ ಚಕ್ರವರ್ತಿ ಕೊಲ್ಲಬಾರದೆಂದು ವಿಧಿಸಿದ ಜೀವಿಗಳ ಪಟ್ಟಿಯಲ್ಲಿ ಗಿಳಿ, ಗೊರವಂಕ, ಚಕ್ರವಾಕ, ಹಂಸ, ಪಾರಿವಾಳಗಳಿವೆ. ದಾರಿಗಳ ಉದ್ದಕ್ಕೂ ಆಲದ ಮರ ನೆಡಿಸಿದೆ, ಬಾವಿ ತೋಡಿಸಿದೆ, ಪಶುಗಳಿಗೂ ಮನುಷ್ಯರಿಗೂ ನೀರಿನ ತಾಣಗಳನ್ನು ಮಾಡಿಸಿದೆ ಎಂದು ಏಳನೆಯ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ಕೊಟ್ಟದ್ದು ಅಭಯ, ನೆರಳು, ನೀರು. ಹಕ್ಕಿಗೆ ಕಾಳೆರಚುವ ಮಾತು ಅಲ್ಲಿಲ್ಲ.

ಕನ್ನಡ ಶಾಸನಗಳಲ್ಲಿ ‘ಅಱವಟ್ಟಿಗೆ’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ‘ಅಱ’ ಎಂದರೆ ಧರ್ಮ. ಅಱವಟ್ಟಿಗೆಯೆಂದರೆ ದಾರಿಹೋಕರಿಗೆ ಧರ್ಮಾರ್ಥವಾಗಿ ನೀರು ಕೊಡುವ ತಾಣ. ಅದು ನಡೆಯಲೆಂದು ಭೂಮಿ ಬಿಟ್ಟವರಿದ್ದಾರೆ. ಹಕ್ಕಿಗೆ ಕಾಳು ಹಾಕಲೆಂದು ಬಿಟ್ಟ ದತ್ತಿಯನ್ನು ಮಾತ್ರ ನಾನು ಓದಿದ ಶಾಸನಗಳಲ್ಲಿ ಕಂಡಿಲ್ಲ. ಕಾವ್ಯಗಳಲ್ಲಂತೂ ಚಿತ್ರ ತಲೆಕೆಳಗು. ಹಳೆಯ ಕವಿ ನಾಡನ್ನು ಬಣ್ಣಿಸತೊಡಗಿದನೆಂದರೆ, ಬತ್ತದ ಗದ್ದೆಯಲ್ಲಿ ಗಿಳಿಯನ್ನು ಸೋವುವ, ಎಂದರೆ ಅಟ್ಟುವ, ಹೆಣ್ಣುಗಳು ಬಾರದಿರುವುದು ಅಪರೂಪ.

ಹಾಗಾದರೆ ಹಕ್ಕಿ ಉಂಡದ್ದೆಲ್ಲಿ? ಚೆಲ್ಲಿದ್ದರಲ್ಲಿ.

1960ರ ದಶಕದ ಕೊನೆಯಲ್ಲಿ, ನಾನು ಹುಡುಗನಾಗಿದ್ದಾಗ, ನಮ್ಮ ಮನೆಯ ಅಂಗಳದಲ್ಲಿ ಅಜ್ಜಿ ದಿನವೂ ಮೊರ ಹಿಡಿದು ಕೂರುತ್ತಿದ್ದಳು. ರಾಗಿಯೋ ನವಣೆಯೋ ಆ ದಿನದ ಅಡಿಗೆಗೆ ಬೇಕಾದದ್ದನ್ನು ಅಂದೇ ಕೇರಿ ಹಸನು ಮಾಡಬೇಕಿತ್ತು. ಹೊಟ್ಟಿನೊಡನೆ ಜೊಳ್ಳು, ಜೊಳ್ಳಿನೊಡನೆ ಒಂದಿಷ್ಟು ಗಟ್ಟಿ ಕಾಳು ಹಾರಿ ಬೀಳುತ್ತಿತ್ತು. ಗುಬ್ಬಿಗಳು ಅವಳ ಸೀರೆಯ ಸೆರಗಿನವರೆಗೂ ಬಂದು ಹೆಕ್ಕುತ್ತಿದ್ದವು. ಕೊಟ್ಟಿಗೆಯ ಸಗಣಿಯಲ್ಲಿ ಹುಳು, ಕಣದಲ್ಲಿ ಉದುರು, ಬಣವೆಯಲ್ಲಿ ಉಳಿದ ತೆನೆ. ಯಾರೂ ಇದನ್ನು ದಾನವೆಂದು ಕರೆಯಲಿಲ್ಲ. ಅದೇ ಮನೆಯವರು ತೆನೆ ಹಾಲುಗಟ್ಟುವ ಕಾಲಕ್ಕೆ ಹೊಲದ ಅಟ್ಟಣೆಯೇರಿ ಕವಣೆ ಬೀಸುತ್ತಿದ್ದರು. ಡಬ್ಬ ಬಡಿದು ಹಕ್ಕಿ ಓಡಿಸುವ ಕೆಲಸಕ್ಕೆ ನನ್ನನ್ನು ಶಾಲೆ ಬಿಡಿಸಿದ್ದೂ ಉಂಟು. ಕವಣೆಗೂ ಮೊರಕ್ಕೂ ನಡುವೆ ವಿರೋಧವಿದೆಯೆಂದು ಅಂದು ಯಾರಿಗೂ ತೋರಲಿಲ್ಲ.

ನೀರಿನ ಕಥೆ ಹಾಗಲ್ಲ. ಬಾವಿಯ ಪಕ್ಕದಲ್ಲಿ ದನಗಳಿಗೆಂದು ಒಂದು ಕಲ್ಲುಬಾನಿಯಿತ್ತು. ಯುಗಾದಿಯ ಹೊತ್ತಿಗೆ ಬಾವಿಯ ನೀರು ಪಾತಾಳಕ್ಕಿಳಿದು, ಹಗ್ಗಕ್ಕೆ ಮತ್ತೊಂದು ಹಗ್ಗ ಗಂಟು ಹಾಕಬೇಕಾಗುತ್ತಿತ್ತು. ಆಗಲೂ ಅಜ್ಜಿ, “ಬಾನಿ ಒಣಗಿಸ್ಬ್ಯಾಡ ಕಣೋ” ಎಂದು ಕೂಗಿ ಹೇಳುವಳು. ಮಧ್ಯಾಹ್ನ ದನಗಳೆಲ್ಲ ಬಯಲಿನಲ್ಲಿರುವಾಗ ಆ ಬಾನಿಯ ಅಂಚಿನಲ್ಲಿ ಕೂರುತ್ತಿದ್ದವು ಪಿಕಳಾರ, ಗೊರವಂಕ, ಬೆಳವಗಳು. ಕಾಳು ತಾನಾಗಿ ಚೆಲ್ಲುತ್ತಿತ್ತು. ನೀರನ್ನು ರಟ್ಟೆ ನೋಯಿಸಿಕೊಂಡು ಸೇದಿ ತುಂಬಬೇಕಾಗಿತ್ತು.

ಮುಂದೆ ಅಕ್ಕಿ ಗಿರಣಿಯಿಂದ ಹಸನಾಗಿ ಚೀಲದಲ್ಲಿ ಬಂತು, ಅಂಗಳಕ್ಕೆ ಸಿಮೆಂಟು ಬಂತು, ಬಾವಿಗೆ ಮುಚ್ಚಳ ಬಂತು. ಚೆಲ್ಲುವುದು ನಿಂತಿತು. ನಿಂತ ಮೇಲೆ ನಮಗೆ ಕೊಡಬೇಕೆಂಬ ನೆನಪಾಯಿತು.

ನಿವೃತ್ತನಾಗಿ ಮೈಸೂರಿನಲ್ಲಿ ನೆಲೆಸಿದ ಮೊದಲ ಬೇಸಗೆ ನನಗೂ ಆಯಿತು. ದಿನವೂ ತಾರಸಿಯ ಮೇಲೆ ಎರಡು ಸೇರು ಅಕ್ಕಿನುಚ್ಚು ಎರಚುತ್ತಿದ್ದೆ. ಮೊದಲು ಒಂದೆರಡು ಗುಬ್ಬಿ, ನಾಲ್ಕಾರು ಗೊರವಂಕ. ತಿಂಗಳೊಪ್ಪತ್ತಿನಲ್ಲಿ ಪಾರಿವಾಳಗಳು ಹಿಂಡಾಗಿ ಇಳಿದವು, ಗುಬ್ಬಿಗಳು ಕಾಣದಾದವು. ಪಕ್ಕದ ಮನೆಯಲ್ಲಿ ಉಬ್ಬಸದ ವೃದ್ಧೆಯೊಬ್ಬರಿದ್ದರು. ಒಂದು ದಿನ ಅವರ ಮಗ ಗೇಟಿನ ಬಳಿ ನಿಂತು, “ಮೇಷ್ಟ್ರೇ, ಪುಣ್ಯ ನಿಮ್ಮದು, ಕೆಮ್ಮು ನಮ್ಮಮ್ಮಂದು” ಎಂದರು. ನನಗೆ ಸಿಟ್ಟು ಬಂತು. ಭೂತಯಜ್ಞದ ಮಾತನ್ನೂ ಆಡಿದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಎರಡು ವಾರದ ಬಳಿಕ ಆಕೆಯನ್ನು ಆಸ್ಪತ್ರೆಗೆ ಸೇರಿಸಿದರೆಂದು ತಿಳಿಯಿತು. ಕಾರಣ ನನ್ನ ನುಚ್ಚೇ ಎಂದು ಯಾವ ವೈದ್ಯರೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಮರುದಿನದಿಂದ ಎರಚುವುದನ್ನು ನಿಲ್ಲಿಸಿದೆ.

ಪಾರಿವಾಳದ ಒಣಗಿದ ಹಿಕ್ಕೆ ಮತ್ತು ಗರಿಯ ಧೂಳು ಕೆಲವರ ಶ್ವಾಸಕೋಶವನ್ನು ಕೆಡಿಸುತ್ತದೆಂಬುದು ವೈದ್ಯರಿಗೆ ತಿಳಿದ ವಿಷಯ. ಗುಜರಾತಿನ ಊರುಗಳಲ್ಲಿ ‘ಚಬೂತರೊ’ ಎಂಬ ಸುಂದರ ಕಟ್ಟಡಗಳನ್ನು ಹಕ್ಕಿಗಳಿಗೆ ಕಾಳಿಡಲೆಂದೇ ನಿಲ್ಲಿಸಿದ್ದಾರೆ. ಕಾಳಿನ ದಾನ ಒಂದು ಸಂಸ್ಥೆಯಾಗಿ ಬೆಳೆದದ್ದು ಅಲ್ಲಿ. ಮುಂಬಯಿಯ ಕಬೂತರ್‌ಖಾನೆಗಳ ಹಿಂದೆಯೂ ಅಂಥದೇ ಶ್ರದ್ಧೆಯಿದೆ. 2025ರಲ್ಲಿ ಅಲ್ಲಿನ ನಗರಪಾಲಿಕೆ ದಾದರಿನ ಕಬೂತರ್‌ಖಾನೆಯನ್ನು ಮುಚ್ಚಿದಾಗ ಬೀದಿಯಲ್ಲಿ ಪ್ರತಿಭಟನೆಯಾಗಿ, ಉಚ್ಚ ನ್ಯಾಯಾಲಯದಲ್ಲಿ ವಾದವೂ ನಡೆಯಿತು. ಆ ಸುದ್ದಿ ಓದುವಾಗ ಎರಡೂ ಪಕ್ಷದ ಮಾತು ನನ್ನ ಗೇಟಿನ ಬಳಿ ಕೇಳಿದ್ದೇ ಎನಿಸಿತು. ಇಂಗ್ಲೆಂಡಿನಲ್ಲಿ ತೋಟದ ಹಕ್ಕಿಗೆ ತೀನಿಯಿಡುವ ರೂಢಿ ಬೆಳೆದದ್ದು ಹಿಮ ಕವಿದ ಚಳಿಗಾಲದಲ್ಲಿ. ವರ್ಷವಿಡೀ ಇಡುವುದು ಅನಂತರದ ಮಾತು. ಅಲ್ಲಿ 2005ರಿಂದ ಗ್ರೀನ್‌ಫಿಂಚ್ ಹಕ್ಕಿಗಳಿಗೆ ತಗುಲಿದ ಗಂಟಲರೋಗ ಅವುಗಳ ಸಂಖ್ಯೆಯನ್ನು ಬಹಳವಾಗಿ ಇಳಿಸಿತು. ಹಲವು ಹಕ್ಕಿಗಳು ಒಂದೇ ತಟ್ಟೆಗೆ ಕೊಕ್ಕಿಟ್ಟದ್ದು ಆ ರೋಗ ಹರಡಲು ದಾರಿಯಾಯಿತು.

ನಮ್ಮ ಬೇಸಗೆಯಲ್ಲಿ ಹಕ್ಕಿಯ ಸಂಕಟ ಮುಖ್ಯವಾಗಿ ಬಾಯಾರಿಕೆಯದು. ಹಕ್ಕಿಗೆ ಬೆವರಿನ ಗ್ರಂಥಿಗಳಿಲ್ಲ. ಕೊಕ್ಕು ತೆರೆದು ಏದುತ್ತ ಮೈ ತಣಿಸಿಕೊಳ್ಳಬೇಕು, ಹಾಗೆ ಏದಿದಷ್ಟೂ ಮೈಯ ನೀರು ಆರುತ್ತದೆ. ಕಾಳುಣ್ಣುವ ಗುಬ್ಬಿಯೂ ಎಳೆಯ ಮರಿಗೆ ಕಾಳು ಕೊಡುವುದಿಲ್ಲ, ಹುಳು ತಂದು ಕೊಡುತ್ತದೆ. ಆ ಹುಳು ಬೆಳೆಯಬೇಕಾದರೆ ಔಷಧಿ ಹೊಡೆಯದ ನಾಲ್ಕು ಗಿಡ, ಗುಡಿಸದ ಒಂದಿಷ್ಟು ತರಗೆಲೆ ಬೇಕು. ನೀರಾದರೆ ಹಕ್ಕಿಯ ಕಾಲು ಮುಳುಗುವಷ್ಟು ಆಳ ಸಾಕು. ದಿನವೂ ಚೆಲ್ಲಿ, ಉಜ್ಜಿ ತೊಳೆದು, ಹೊಸದಾಗಿ ತುಂಬಬೇಕು. ಇಲ್ಲವಾದರೆ ಸೊಳ್ಳೆ ಸಾಕಿದಂತಾಗುತ್ತದೆ.

ಊರಿನ ಮನೆಯನ್ನು ದಾಯಾದಿಗಳು ಕೆಡವಿದಾಗ ನಾನು ಕೇಳಿ ತಂದದ್ದು ಆ ಕಲ್ಲುಬಾನಿಯೊಂದನ್ನೇ. ನಾಲ್ಕು ಆಳು ಹಿಡಿದು ಲಾರಿಗೇರಿಸಬೇಕಾಯಿತು. ಹಕ್ಕಿಗೆ ಆಳ ಹೆಚ್ಚಾಯಿತೆಂದು ಒಳಗೆ ಒಂದು ಚಪ್ಪಡಿಯನ್ನು ಓರೆಯಾಗಿಟ್ಟಿದ್ದೇನೆ. ಅದೀಗ ಎರಡು ಮನೆಗಳ ನಡುವಣ ಗೋಡೆಯ ಪಕ್ಕದಲ್ಲಿದೆ. ಆಸ್ಪತ್ರೆಯಿಂದ ಮರಳಿದ ವೃದ್ಧೆ ಮಧ್ಯಾಹ್ನ ಕಿಟಕಿಯ ಬಳಿ ಕೂತಿರುತ್ತಾರೆ. ನನ್ನೊಡನೆ ಹೆಚ್ಚು ಮಾತಿಲ್ಲ. ನೀರು ತಳ ಕಂಡ ದಿನ ಮಾತ್ರ ಕಿಟಕಿಯ ಸರಳನ್ನು ಉಂಗುರದಿಂದ ಎರಡು ಬಾರಿ ತಟ್ಟುತ್ತಾರೆ.