ದೂರವಾಣಿ ಸೇವೆಯ ಲಭ್ಯತೆ: ಕಿತ್ತೂರಿನ ವಿನಿಮಯ ಕೇಂದ್ರದಿಂದ ವರ್ಚುವಲ್ ಜಾಲದವರೆಗೆ

ಮೈಸೂರು ನಗರದ ಅಗ್ರಹಾರದಂಥ ಹಳೆಯ ಬಡಾವಣೆಗಳಲ್ಲಿ ತಂತಿ ದೂರವಾಣಿಯೇ ಮುಖ್ಯವಾಗಿದ್ದ ಕಾಲದಲ್ಲಿ, ವಿದ್ಯುತ್ ನಿಲುಗಡೆಯಾಗಿ ಮನೆಗಳು ಕತ್ತಲಾದರೂ ದೂರವಾಣಿ ಕೆಲಸ ಮಾಡುತ್ತಿತ್ತು. ಅದಕ್ಕೆ ಬೇಕಾದ ವಿದ್ಯುತ್ತು ವಿನಿಮಯ ಕೇಂದ್ರದ 48 ವೋಲ್ಟ್ ಬ್ಯಾಟರಿಯಿಂದ ತಾಮ್ರದ ತಂತಿಯ ಮೂಲಕವೇ ಬರುತ್ತಿತ್ತು. ಚಂದಾದಾರನಿಗೆ ಬೇಕೆನಿಸಿದಾಗ ಸೇವೆ ಸಿಗುವುದನ್ನು ತಂತ್ರಜ್ಞರು ‘ಲಭ್ಯತೆ’ ಎನ್ನುತ್ತಾರೆ. ಈ ಲಭ್ಯತೆಯ ಭರವಸೆಯನ್ನು ಬೇರೆಬೇರೆ ಕಾಲಘಟ್ಟಗಳಲ್ಲಿ ಎಲ್ಲಿ ಇರಿಸಲಾಗಿತ್ತು, ಅದರಿಂದ ಯಾರಿಗೆ ಎಷ್ಟು ರಕ್ಷಣೆ ದೊರೆಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೆಂಗಳೂರಿನಲ್ಲಿ 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ತನ್ನ ಮೊದಲ ದಶಕಗಳಲ್ಲಿ ತಯಾರಿಸಿದ್ದು ಸ್ಟ್ರೌಜರ್ ಮಾದರಿಯ ಸ್ವಯಂಚಾಲಿತ ಸಾಧನಗಳನ್ನು. ಅಮೆರಿಕದಲ್ಲಿ 1891ರಲ್ಲಿ ಹಕ್ಕುಸ್ವಾಮ್ಯ ಪಡೆದ ಈ ವಿಧಾನದಲ್ಲಿ ಕರೆಯನ್ನು ಮುಂದೊಯ್ಯುವ ಕೆಲಸ ಬಿಡಿಬಿಡಿ ಆಯ್ಕೆಗಾರ ಸಾಧನಗಳಲ್ಲಿ ಹಂಚಿಹೋಗಿತ್ತು. ಒಂದು ಸಾಧನ ಕೆಟ್ಟರೆ ಅದರ ಮೂಲಕ ಹಾಯುವ ಕರೆಗಷ್ಟೇ ಅಡ್ಡಿಯಾಗುತ್ತಿತ್ತು. ದೋಷಗಳು ಪದೇಪದೇ ಬರುತ್ತಿದ್ದವು; ಆದರೆ ಅವುಗಳ ವ್ಯಾಪ್ತಿ ಚಿಕ್ಕದಾಗಿತ್ತು.

ವಿನಿಮಯ ಕೇಂದ್ರದ ನಿಯಂತ್ರಣವನ್ನು ಕಂಪ್ಯೂಟರಿಗೆ ಒಪ್ಪಿಸಿದ ಮೇಲೆ ಈ ಸ್ಥಿತಿ ಬದಲಾಯಿತು. ನಿಯಂತ್ರಕ ಒಂದೇ ಆದುದರಿಂದ ಅದು ನಿಂತರೆ ಊರಿಗೆ ಊರೇ ಮೂಕವಾಗುವ ಸಂಭವವಿತ್ತು. ನಿಯಂತ್ರಕಗಳನ್ನು ಜೋಡಿಯಾಗಿ ಇರಿಸುವುದು ಇದಕ್ಕೆ ಕಂಡುಕೊಂಡ ಪರಿಹಾರ. ಈ ಘಟ್ಟದ ಮಹತ್ವದ ನಿದರ್ಶನ ಕರ್ನಾಟಕದಲ್ಲಿಯೇ ಇದೆ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ರೂಪಿಸಿದ 128 ಪೋರ್ಟುಗಳ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು 1986ರ ಜುಲೈನಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಮೊದಲಿಗೆ ಕಾರ್ಯಾರಂಭ ಮಾಡಲಾಯಿತು. ಹವಾನಿಯಂತ್ರಣವಿಲ್ಲದೆ, ಸೆಕೆ ಮತ್ತು ಧೂಳನ್ನು ತಾಳಿಕೊಂಡು ನಡೆಯುವಂತೆ ಅದನ್ನು ನಿರ್ಮಿಸಲಾಗಿತ್ತು. ನಿಯಂತ್ರಣ ಕಾರ್ಡುಗಳ ಎರಡು ಪ್ರತಿಗಳಲ್ಲಿ ಒಂದು ಕೆಲಸ ಮಾಡುತ್ತಿದ್ದರೆ ಇನ್ನೊಂದು ಸನ್ನದ್ಧವಾಗಿರುತ್ತಿತ್ತು. ಹೀಗೆ ಭರವಸೆಯು ಯಂತ್ರದ ಒಡಲಲ್ಲಿಯೇ ಅಡಕವಾಗಿತ್ತು.

ಜೋಡಿ ವ್ಯವಸ್ಥೆಯ ಹಿಂದಿರುವ ಗಣಿತ ಸರಳವಾದುದು. ನೂರರಲ್ಲಿ 99 ಪಾಲು ಸಮಯ ಕೆಲಸ ಮಾಡುವ ಎರಡು ಯಂತ್ರಗಳಲ್ಲಿ ಯಾವುದಾದರೊಂದು ಸಾಕೆಂದಾದರೆ, ಎರಡೂ ಏಕಕಾಲಕ್ಕೆ ಕೆಡುವ ಸಂಭವ ಹತ್ತು ಸಾವಿರದಲ್ಲಿ ಒಂದು, ಲಭ್ಯತೆ ಶೇ. 99.99. ದೂರಸಂಪರ್ಕ ಕ್ಷೇತ್ರದ ರೂಢಿಗತ ಗುರಿಯಾದ ಶೇ. 99.999 ಎಂದರೆ ವರ್ಷಕ್ಕೆ ಸುಮಾರು 5 ನಿಮಿಷ 15 ಸೆಕೆಂಡುಗಳ ನಿಲುಗಡೆ. ಆದರೆ ಈ ಲೆಕ್ಕ ಒಂದು ಷರತ್ತಿಗೆ ಒಳಪಟ್ಟಿದೆ: ಎರಡು ಯಂತ್ರಗಳೂ ಒಂದೇ ಕಾರಣದಿಂದ ಕೆಡಬಾರದು.

ಈ ಷರತ್ತಿಗೆ ನಿಜವಾದ ಪರೀಕ್ಷೆ ಎದುರಾದುದು ಇತ್ತೀಚಿನ ಘಟ್ಟದಲ್ಲಿ. 2012ರ ಅಕ್ಟೋಬರಿನಲ್ಲಿ ಹಲವು ದೇಶಗಳ ದೂರಸಂಪರ್ಕ ಸಂಸ್ಥೆಗಳು ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಒಂದು ಪ್ರಸ್ತಾವವನ್ನು ಮಂಡಿಸಿದವು. ಜಾಲದ ಕಾರ್ಯಗಳಿಗೆ ಪ್ರತ್ಯೇಕ ಯಂತ್ರಗಳನ್ನು ಕೊಳ್ಳುವ ಬದಲು, ಸಾಮಾನ್ಯ ಸರ್ವರುಗಳ ಮೇಲೆ ತಂತ್ರಾಂಶವಾಗಿ ಅವನ್ನು ನಡೆಸಬೇಕೆಂಬುದು ಅದರ ತಿರುಳು. ಒಂದು ಸರ್ವರು ಹಲವು ‘ವರ್ಚುವಲ್’ ಯಂತ್ರಗಳಾಗಿ ವರ್ತಿಸುವ ಈ ಕ್ರಮದಲ್ಲಿ, ಕೆಟ್ಟ ಕಾರ್ಯವನ್ನು ಬೇರೊಂದು ಸರ್ವರಿನಲ್ಲಿ ಕ್ಷಿಪ್ರವಾಗಿ ಮರಳಿ ಆರಂಭಿಸಬಹುದು. ಇದು ದೊಡ್ಡ ಅನುಕೂಲ. ಆದರೆ ಕಾಗದದ ಮೇಲೆ ಎರಡಾಗಿರುವ ಪ್ರತಿಗಳು ಒಂದೇ ಸರ್ವರಿನಲ್ಲಿ, ಒಂದೇ ವಿದ್ಯುತ್ ಮಾರ್ಗದಲ್ಲಿ ಇದ್ದುಬಿಡಬಹುದು. ಆದ್ದರಿಂದಲೇ ಜೋಡಿ ಪ್ರತಿಗಳನ್ನು ಬೇರೆಬೇರೆ ಸರ್ವರುಗಳಲ್ಲಿ ಇರಿಸತಕ್ಕದ್ದೆಂಬ ನಿಯಮಗಳು ಅಗತ್ಯವಾದವು. ಯಂತ್ರದೊಳಗಿದ್ದ ಭರವಸೆ ಈಗ ಸ್ಥಳಹಂಚಿಕೆಯ ನಿಯಮಕ್ಕೆ ವರ್ಗಾವಣೆಯಾಯಿತು.

ಹಂಚಿಕೊಂಡ ವ್ಯವಸ್ಥೆಯ ಅಪಾಯ ಎಷ್ಟೆಂಬುದನ್ನು ಕೆನಡಾದ ರೋಜರ್ಸ್ ಜಾಲದಲ್ಲಿ 2022ರ ಜುಲೈ 8ರಂದು ಸಂಭವಿಸಿದ ನಿಲುಗಡೆ ತೋರಿಸಿತು. ಮಾರ್ಗಸೂಚನೆಯ ಒಂದು ಬದಲಾವಣೆಯಿಂದ ಕೇಂದ್ರ ಜಾಲವೇ ಕುಸಿದು, 1.2 ಕೋಟಿಗೂ ಹೆಚ್ಚು ಗ್ರಾಹಕರು ಸೇವೆಯಿಂದ ವಂಚಿತರಾದರು. ದುರಸ್ತಿಗೆ ಬೇಕಾದ ನಿರ್ವಹಣಾ ಜಾಲವೂ ಅದೇ ಕೇಂದ್ರವನ್ನು ಅವಲಂಬಿಸಿದ್ದುದರಿಂದ ಸಿಬ್ಬಂದಿಗೆ ಅದರೊಳಗೆ ಪ್ರವೇಶಿಸುವುದೇ ಕಷ್ಟವಾಯಿತು.

ಭರವಸೆಯ ಮತ್ತೊಂದು ನೆಲೆ ಕಾನೂನು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2009ರ ನಿಯಮಾವಳಿಯಲ್ಲಿ ಮೊಬೈಲ್ ಗೋಪುರಗಳ ಒಟ್ಟು ನಿಲುಗಡೆ ಶೇ. 2ನ್ನು ಮೀರಬಾರದೆಂದೂ, ತಿಂಗಳಲ್ಲಿ 24 ಗಂಟೆಗಿಂತ ಹೆಚ್ಚು ನಿಂತ ಗೋಪುರಗಳ ಪ್ರಮಾಣವೂ ಶೇ. 2ರೊಳಗೆ ಇರಬೇಕೆಂದೂ ವಿಧಿಸಿತು. ಇದನ್ನು ಲೆಕ್ಕಕ್ಕೆ ಹಚ್ಚಿ ನೋಡಬಹುದು. ನೂರು ಗೋಪುರಗಳಿಗೆ 30 ದಿನಗಳ ತಿಂಗಳಲ್ಲಿ 72,000 ಗೋಪುರ-ಗಂಟೆಗಳು, ಅದರ ಶೇ. 2 ಎಂದರೆ 1,440. ಎರಡು ಗೋಪುರಗಳು ಇಡೀ ತಿಂಗಳು ಸತ್ತಂತಿದ್ದರೂ ಎರಡೂ ಮಾನದಂಡಗಳು ಉಲ್ಲಂಘನೆಯಾಗುವುದಿಲ್ಲ. ಅಗ್ರಹಾರದಂಥ ನಗರಭಾಗದಲ್ಲಿ ಒಂದು ಗೋಪುರ ನಿಂತರೆ ನೆರೆಯ ಗೋಪುರ ಆ ಭಾರವನ್ನು ಬಹುಮಟ್ಟಿಗೆ ಹೊರುತ್ತದೆ. ಅದೇ ಜಿಲ್ಲೆಯ ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಒಂದೇ ಗೋಪುರವನ್ನು ನಂಬಿದ ಹಳ್ಳಿಗೆ ಆ ಅನುಕೂಲವಿಲ್ಲ. ಪ್ರಸೂತಿಗೆ ಆಂಬುಲೆನ್ಸ್ ಕರೆಯಬೇಕಾದವರಿಗೆ ಶೇ. 98ರ ಸರಾಸರಿ ಉತ್ತರವಾಗಲಾರದು. 2024ರ ನಿಯಮಾವಳಿಯು 24 ಗಂಟೆಗಿಂತ ದೀರ್ಘವಾದ ನಿಲುಗಡೆಗೆ ಗ್ರಾಹಕರಿಗೆ ಪರಿಹಾರ ನೀಡಬೇಕೆಂದದ್ದು ಸ್ವಾಗತಾರ್ಹ. ಆದರೆ ಅಲ್ಲಿಯೂ ನಿಲುಗಡೆಯನ್ನು ಅಳೆಯುವ ಘಟಕ ಜಿಲ್ಲೆಯೇ.

ಕಿತ್ತೂರಿಗೆ ವಿನಿಮಯ ಕೇಂದ್ರವನ್ನು ಕೊಟ್ಟ ಸಿ-ಡಾಟ್ ಸಂಸ್ಥೆಯದೇ ತಂತ್ರಾಂಶ, 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲದ ಕೇಂದ್ರಭಾಗವಾಗಿದೆ. ಗೋಪುರಗಳ ರೇಡಿಯೋ ಸಾಧನ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು. ನಾಲ್ಕು ದಶಕಗಳ ಈ ಪಯಣದಲ್ಲಿ ನಿಯಂತ್ರಣವು ಊರಿನ ಕೋಣೆಯಿಂದ ದೂರದ ದತ್ತಾಂಶ ಕೇಂದ್ರಕ್ಕೆ ಸರಿದಿದೆ. ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಪ್ರತಿಗಳು ಎಷ್ಟಿವೆ ಎಂಬುದಕ್ಕಿಂತ ಅವು ಪರಸ್ಪರ ಎಷ್ಟು ಸ್ವತಂತ್ರವಾಗಿವೆ ಎಂಬುದರ ಮೇಲೆ ಭರವಸೆಯ ಬೆಲೆ ನಿಂತಿದೆ. ಎರಡನೆಯದಾಗಿ, ಸರಾಸರಿಯ ಜೊತೆಗೆ ಯಾವ ಗೋಪುರ ಎಷ್ಟು ಗಂಟೆ ನಿಂತಿತ್ತೆಂಬ ದಾಖಲೆಯೂ ಸಾರ್ವಜನಿಕವಾಗಿ ಉಳಿಯಬೇಕು. ಅಂಥ ದಾಖಲೆಯಿದ್ದಾಗ ಮಾತ್ರ ಒಂಟಿ ಗೋಪುರದ ಹಳ್ಳಿಯು ತನಗೆ ಕೊಟ್ಟ ಮಾತು ನಡೆಯಿತೇ ಎಂದು ಕೇಳಬಲ್ಲದು.